ಪತ್ರಿಕೆ ಬಾರದ ದಿನ ನಾವು ಕಳೆದುಕೊಳ್ಳುವುದೇನು?

1945ರ ಜೂನ್ ಕೊನೆಯಲ್ಲಿ ನ್ಯೂಯಾರ್ಕ್ ನಗರದ ಪತ್ರಿಕೆ ಸಾಗಣೆ ನೌಕರರು ಮುಷ್ಕರ ಹೂಡಿದರು. ಎರಡು ವಾರಕ್ಕೂ ಹೆಚ್ಚು ಕಾಲ ಬಹುಪಾಲು ಮನೆಗಳಿಗೆ ದಿನಪತ್ರಿಕೆ ಬರಲಿಲ್ಲ. ಕೆಲವರು ಪತ್ರಿಕಾ ಕಚೇರಿಗಳ ಎದುರೇ ಸಾಲುಗಟ್ಟಿ ನಿಂತು ಪ್ರತಿ ಕೊಂಡರು. ಮೇಯರ್ ಫಿಯೊರೆಲ್ಲೊ ಲಾಗಾರ್ಡಿಯಾ ರೇಡಿಯೊದಲ್ಲಿ ಮಕ್ಕಳಿಗೆ ಕಾಮಿಕ್ಸ್ ಓದಿ ಹೇಳಿದರು. ಸಂಶೋಧಕ ಬರ್ನಾರ್ಡ್ ಬೆರೆಲ್ಸನ್ ಅವರಿಗೆ ಇದೊಂದು ಅಪರೂಪದ ಅವಕಾಶವಾಗಿ ಕಂಡಿತು. ಪತ್ರಿಕೆ ಏಕೆ ಓದುತ್ತೀರಿ ಎಂದು ಕೇಳಿದರೆ ಎಲ್ಲರೂ ಒಪ್ಪವಾದ ಉತ್ತರವನ್ನೇ ಕೊಡುತ್ತಾರೆ. ಹಾಗಾಗಿ ಪತ್ರಿಕೆ ಇಲ್ಲದೆ ನಿಮಗೆ ಏನು ಕೊರತೆಯಾಗಿದೆ ಎಂದು ಅವರು ವಿಚಾರಿಸಿದರು.

ದೇಶ–ವಿದೇಶದ ಗಂಭೀರ ಸುದ್ದಿ ತಪ್ಪಿಹೋಯಿತು ಎಂದು ಬಹಳ ಮಂದಿ ಹೇಳಿದರು. ಯಾವ ಸುದ್ದಿ ಎಂದು ಕೆದಕಿದಾಗ ಹೆಚ್ಚಿನವರಿಗೆ ಹೆಸರಿಸಲಾಗಲಿಲ್ಲ. ಮಾತು ಬೆಳೆದಂತೆ ನಿಜವಾದ ಕೊರತೆಗಳು ಹೊರಬಿದ್ದವು. ಯಾವ ಚಿತ್ರಮಂದಿರದಲ್ಲಿ ಯಾವ ಸಿನಿಮಾ, ಯಾವ ಅಂಗಡಿಯಲ್ಲಿ ರಿಯಾಯಿತಿ, ಪರಿಚಿತರಲ್ಲಿ ಯಾರಾದರೂ ತೀರಿಕೊಂಡರೇ – ಇವೆಲ್ಲ ತಿಳಿಯದಾಗಿತ್ತು. ನಾಲ್ಕು ಜನ ಸೇರಿದಲ್ಲಿ ಆಡಲು ಮಾತಿರಲಿಲ್ಲ. ಎಷ್ಟೋ ಜನಕ್ಕೆ ಓದುವ ಅಭ್ಯಾಸವೇ ತಪ್ಪಿ ಕೈಕಟ್ಟಿದಂತಾಗಿತ್ತು.

ಮಾಧ್ಯಮ ಜನರನ್ನು ಏನು ಮಾಡುತ್ತದೆ ಎಂಬುದು ಹಳೆಯ ಪ್ರಶ್ನೆ. ಜನ ಮಾಧ್ಯಮವನ್ನು ಇಟ್ಟುಕೊಂಡು ಏನು ಮಾಡುತ್ತಾರೆ ಎಂಬ ಪ್ರಶ್ನೆಗೆ ಇಂಥ ಅಧ್ಯಯನಗಳು ದಾರಿ ಮಾಡಿಕೊಟ್ಟವು. ಎಲಿಹು ಕಾಟ್ಜ್, ಜೇ ಬ್ಲಮ್ಲರ್ ಮೊದಲಾದವರು 1970ರ ದಶಕದಲ್ಲಿ ಅದಕ್ಕೊಂದು ಸಿದ್ಧಾಂತದ ರೂಪ ಕೊಟ್ಟರು. ಓದುಗ, ವೀಕ್ಷಕ ತನ್ನ ಅಗತ್ಯಕ್ಕೆ ತಕ್ಕುದನ್ನು ಆರಿಸಿಕೊಳ್ಳುತ್ತಾನೆ ಎಂಬುದು ಅದರ ತಿರುಳು. 1972ರಲ್ಲಿ ಡೆನಿಸ್ ಮೆಕ್‌ಕ್ವೇಲ್ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ ನಡೆಸಿದ ಅಧ್ಯಯನ ಆ ಅಗತ್ಯಗಳನ್ನು ನಾಲ್ಕಾಗಿ ವಿಂಗಡಿಸಿತು: ದಿನನಿತ್ಯದ ಜಂಜಾಟದಿಂದ ಬಿಡುವು, ಇತರರೊಂದಿಗೆ ಒಡನಾಟ, ತನ್ನನ್ನು ತಾನು ಅಳೆದುಕೊಳ್ಳುವುದು, ಸುತ್ತಲಿನ ವಿದ್ಯಮಾನದ ಮೇಲೆ ಕಣ್ಣಿಡುವುದು.

ಈ ನಾಲ್ಕೂ ನಮ್ಮ ಮನೆಗಳಲ್ಲಿವೆ. ಮಲೆನಾಡಿನ ಅಡಿಕೆ ಬೆಳೆಗಾರರಲ್ಲಿ ಮುಖಪುಟಕ್ಕಿಂತ ಮೊದಲು ಧಾರಣೆಯ ಅಂಕಣಕ್ಕೆ ಕಣ್ಣು ಹಾಯಿಸುವವರಿದ್ದಾರೆ. ಶಿವಮೊಗ್ಗ ಮಾರುಕಟ್ಟೆಯಲ್ಲಿ ರಾಶಿ, ಬೆಟ್ಟೆ, ಗೊರಬಲು, ಸರಕು ಕ್ವಿಂಟಲ್‌ಗೆ ಎಷ್ಟಕ್ಕೆ ಹೋಯಿತು ಎಂಬ ನಾಲ್ಕು ಸಾಲು, ಮೂಟೆಯನ್ನು ಈ ವಾರ ಮಾರಬೇಕೇ ಇನ್ನಷ್ಟು ದಿನ ಇಟ್ಟುಕೊಳ್ಳಬೇಕೇ ಎಂಬುದನ್ನು ತೀರ್ಮಾನಿಸುತ್ತದೆ. ಮಳೆಗಾಲದಲ್ಲಿ ಮಂಡ್ಯದ ಭತ್ತದ ರೈತ ಹುಡುಕುವುದು ಕೆಆರ್‌ಎಸ್ ನೀರಿನ ಮಟ್ಟವನ್ನು; ಗರಿಷ್ಠ 124.80 ಅಡಿಗೆ ಇನ್ನೆಷ್ಟು ಬಾಕಿ, ಒಳಹರಿವು ಎಷ್ಟು ಕ್ಯುಸೆಕ್ ಎಂಬುದರ ಮೇಲೆ ನಾಲೆಯ ನೀರು ನಿಂತಿದೆ. ಹಿರಿಯರು ಶ್ರದ್ಧಾಂಜಲಿಯ ಫೋಟೊಗಳನ್ನು ತಪ್ಪದೆ ನೋಡುವುದು ಊರು–ನೆಂಟಸ್ತಿಕೆಯ ನಂಟು ಕಳಚದಿರಲೆಂದು.

ಟಿ.ವಿ.ಯಿಂದ ಸಿಗುವುದು ಬೇರೆ ಬಗೆಯ ಲಾಭ. ಚಂದನ ವಾಹಿನಿಯಲ್ಲಿ 2002ರಲ್ಲಿ ಶುರುವಾದ ‘ಥಟ್ ಅಂತ ಹೇಳಿ’ಯಲ್ಲಿ ಬಹುಮಾನ ಪುಸ್ತಕ. ಅದು ಸಿಗುವುದು ಸ್ಪರ್ಧಿಗೆ. ಅವನಿಗಿಂತ ಮೊದಲೇ ಉತ್ತರ ಹೇಳಿ ಮನೆಯವರ ಕಡೆ ನೋಡುವ ಸಂತೋಷ ವೀಕ್ಷಕನದು. ಬ್ರಿಟನ್ನಿನ ಅಧ್ಯಯನಕಾರರು ರಸಪ್ರಶ್ನೆ ಕಾರ್ಯಕ್ರಮಗಳಲ್ಲಿ ಗುರುತಿಸಿದ್ದೂ ಇದನ್ನೇ. ಧಾರಾವಾಹಿ ನೋಡುವವರನ್ನು ಹಗುರವಾಗಿ ಕಾಣುವವರಿಗೂ ಹಳೆಯ ಉತ್ತರವೊಂದಿದೆ. 1940ರ ದಶಕದಲ್ಲಿ ಅಮೆರಿಕದ ರೇಡಿಯೊ ಧಾರಾವಾಹಿ ಕೇಳುವ ಮಹಿಳೆಯರನ್ನು ಮಾತಾಡಿಸಿದ ಹೆರ್ತಾ ಹೆರ್ಟ್ಸೋಗ್, ಅವರಿಗೆ ಮನಸ್ಸು ಹಗುರಾಗುವುದರ ಜೊತೆಗೆ ಬದುಕಿಗೆ ಬೇಕಾದ ಸಲಹೆಯೂ ಅದರಲ್ಲಿ ಸಿಗುತ್ತಿತ್ತು ಎಂದು ಕಂಡುಕೊಂಡರು. ಅತ್ತೆ–ಸೊಸೆಯ ಜಗಳ ನೋಡುತ್ತ ‘ಅವಳು ಹಾಗೆ ಅನ್ನಬಾರದಿತ್ತು’ ಎನ್ನುವಾಗ ನಮ್ಮ ಮನೆಯಲ್ಲೂ ಒಂದು ಸಣ್ಣ ವಿಚಾರಣೆ ನಡೆಯುತ್ತಿರುತ್ತದೆ.

ಹಾಗೆಂದು ಎಲ್ಲವೂ ನಮ್ಮ ಆಯ್ಕೆಯೇ ಎಂದು ಹಿಗ್ಗಬೇಕಿಲ್ಲ. ಈ ಸಿದ್ಧಾಂತಕ್ಕೆ ಇರುವ ದೊಡ್ಡ ಆಕ್ಷೇಪವೂ ಅದೇ. ಇರುವ ವಾಹಿನಿಗಳಲ್ಲೇ ಆರಿಸಬೇಕು. ರಿಮೋಟ್ ಯಾರ ಕೈಯಲ್ಲಿದೆಯೋ ಅವರು ಹಾಕಿದ್ದನ್ನೇ ಉಳಿದವರು ನೋಡಬೇಕು. ಬಯಸಿದ್ದಕ್ಕೂ ದಕ್ಕಿದ್ದಕ್ಕೂ ತಾಳೆಯಾಗದಿರುವುದು ಇನ್ನೊಂದು ತೊಡಕು. ಮಳೆ ಹಾನಿಯ ಮಾಹಿತಿಗೆಂದು ಸುದ್ದಿವಾಹಿನಿ ಹಾಕಿದವರು ಅರ್ಧ ಗಂಟೆ ಕೂಗಾಟದ ಚರ್ಚೆ ನೋಡಿ ಏಳುತ್ತಾರೆ. ಸಿಕ್ಕಿದ್ದು ಉದ್ವೇಗ, ಬೇಕಿದ್ದ ಮಾಹಿತಿ ಬರಲೇ ಇಲ್ಲ. ಆದರೆ ಟಿಆರ್‌ಪಿಯಲ್ಲಿ ಆ ಅರ್ಧ ಗಂಟೆ ವಾಹಿನಿಯ ಗೆಲುವಾಗಿಯೇ ದಾಖಲಾಗುತ್ತದೆ.

ಎಷ್ಟು ಜನ ನೋಡಿದರು ಎಂಬುದನ್ನು ಟಿಆರ್‌ಪಿ ಹೇಳುತ್ತದೆ, ಎಷ್ಟು ಪ್ರತಿ ಖರ್ಚಾಯಿತು ಎಂಬುದನ್ನು ಪ್ರಸಾರ ಸಂಖ್ಯೆ ಹೇಳುತ್ತದೆ. ನೋಡಿದವರ, ಓದಿದವರ ಕೆಲಸ ಆಯಿತೇ ಎಂಬುದನ್ನು ಎರಡೂ ಹೇಳುವುದಿಲ್ಲ. ಖರ್ಚು ಕಡಿತದ ಮಾತು ಬಂದಾಗ ಧಾರಣೆ, ನೀರಿನ ಮಟ್ಟ, ಊರಿನ ಸಭೆ–ಸಮಾರಂಭದಂಥ ಚಿಕ್ಕ ಅಂಕಣಗಳು ಜಾಗ ತಿನ್ನುವ ಚಿಲ್ಲರೆಯಂತೆ ಸಂಪಾದಕರಿಗೆ ಕಾಣಬಹುದು. ಆದರೆ ಪತ್ರಿಕೆಯನ್ನು ದಿನದ ಅಗತ್ಯವಾಗಿಸಿರುವುದು ಬಹುಮಟ್ಟಿಗೆ ಅವೇ. ಓದುಗರೂ ತಮಗೆ ಬೇಕಾದದ್ದು ಸಿಗದಿದ್ದಾಗ ಸುಮ್ಮನೆ ಚಂದಾ ನಿಲ್ಲಿಸದೆ, ಏನು ಸಿಗುತ್ತಿಲ್ಲ ಎಂದು ಪತ್ರಿಕೆಗೆ ಎರಡು ಸಾಲು ಬರೆಯಬೇಕು. ಯಾವ ಅಂಕಿಅಂಶವೂ ತಿಳಿಸದ ಸಂಗತಿ ಅದು.