ವಜ್ರದ ‘ಕ್ಲಾರಿಟಿ’ಯೂ ವ್ಯಾಪಾರಿಯ ಮೌನವೂ

ಕುಮಟಾದ ಅಡಕೆ ಮಾರುಕಟ್ಟೆಯಲ್ಲಿ ಚೀಲ ಬಿಚ್ಚದೆ ಯಾರೂ ದರ ಹೇಳುವುದಿಲ್ಲ. ಚಾಲಿ, ಚಿಪ್ಪು, ಕೋಕಾ ಎಂದು ವಿಂಗಡಿಸಿ ತಂದ ಮಾಲನ್ನೂ ಕೊಳ್ಳುವವನು ಅಂಗೈಗೆ ಸುರಿದುಕೊಂಡು, ಒಂದೆರಡನ್ನು ಅಡಕತ್ತರಿಯಲ್ಲಿ ಸೀಳಿ, ಒಳಗನ್ನು ನೋಡಿಯೇ ಮಾತಿಗೆ ತೊಡಗುತ್ತಾನೆ. ಕಾಳುಮೆಣಸಿನಲ್ಲಿ ಪಪ್ಪಾಯಿ ಬೀಜ ಬೆರೆತಿರುವ ಸಂಶಯವಿದ್ದರೆ ಹೊನ್ನಾವರದ ಗೃಹಿಣಿಯೂ ನೀರಿಗೆ ಹಾಕಿ ನೋಡುವಳು. ಬೀಜ ತೇಲುತ್ತದೆ, ಮೆಣಸು ಮುಳುಗುತ್ತದೆ. ಇಷ್ಟು ಚಾಣಾಕ್ಷರಾದ ಜನ ಮಗಳ ಮದುವೆಗೆ ವಜ್ರದ ಬೆಂಡೋಲೆ ಕೊಳ್ಳಲು ಹೋದಾಗ ಮಾತ್ರ ಹರಳನ್ನು ನೋಡುವುದಿಲ್ಲ. ಒಂದು ಕಾರ್ಡಿನ ಮೇಲೆ ಅಚ್ಚಾದ ‘ವಿ.ವಿ.ಎಸ್.’ ಎಂಬ ಮೂರು ಅಕ್ಷರಗಳನ್ನು ನೋಡಿ ಹಣ ಎಣಿಸುತ್ತಾರೆ. ಇದನ್ನು ಕೊಳ್ಳುವವರ ಅಜ್ಞಾನವೆಂದು ಹೇಳಿ ಮುಗಿಸುವುದು ಸುಲಭ. ಆದರೆ ಆ ಅಜ್ಞಾನವನ್ನು ಜೋಪಾನವಾಗಿ ಕಾಪಾಡಿಕೊಂಡು ಬರುತ್ತಿರುವುದು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನ ಮೌನ. ಪಾಲನಪುರದಿಂದ ಮುಂಬಯಿ, ಸೂರತ್, ಆಂಟ್ವರ್ಪ್‌ಗಳವರೆಗೆ ಈ ವ್ಯಾಪಾರದಲ್ಲಿ ಜೈನ ಮನೆತನಗಳು ಮುಂಚೂಣಿಯಲ್ಲಿರುವುದರಿಂದ, ಆ ಮೌನದ ವಿಚಾರವನ್ನು ಶ್ರಾವಕರ ಮುಂದೆಯೇ ಎತ್ತಬೇಕಾಗಿದೆ.

‘ಕ್ಲಾರಿಟಿ’ ಎಂದರೇನು? ನೆಲದ ಆಳದಲ್ಲಿ ಹುಟ್ಟುವಾಗ ವಜ್ರದೊಳಗೆ ಸೇರಿಕೊಂಡ ಕಣ, ಎಳೆ, ಬಿರುಕು, ಮೋಡದಂಥ ಮಸುಕು, ಮೇಲ್ಮೈಯ ಗೀರು ಇವೆಲ್ಲ ಎಷ್ಟಿವೆ, ಎಲ್ಲಿವೆ ಎಂಬುದರ ಲೆಕ್ಕ. ಜಿ.ಐ.ಎ. ಎಂದು ಪ್ರಸಿದ್ಧವಾದ ಅಮೆರಿಕದ ರತ್ನವಿಜ್ಞಾನ ಸಂಸ್ಥೆಯು 1953ರಲ್ಲಿ ರೂಪಿಸಿದ ಶ್ರೇಣಿಯೇ ಇಂದು ಹೆಚ್ಚು ಬಳಕೆಯಲ್ಲಿದೆ. ಹತ್ತುಪಟ್ಟು ಹಿಗ್ಗಿಸುವ ಮಸೂರದ ಕೆಳಗೆ ಏನೂ ಕಾಣದಿದ್ದರೆ ಎಫ್.ಎಲ್.; ಒಳಗೆ ಏನೂ ಇಲ್ಲದೆ ಮೇಲ್ಮೈಯಲ್ಲಿ ಮಾತ್ರ ಅಲ್ಪ ದೋಷವಿದ್ದರೆ ಐ.ಎಫ್.; ಅನುಭವಿಗೂ ಕಂಡುಹಿಡಿಯಲು ಕಷ್ಟವಾದರೆ ವಿ.ವಿ.ಎಸ್.; ಅನಂತರ ವಿ.ಎಸ್., ಎಸ್.ಐ.; ಬರಿಗಣ್ಣಿಗೂ ಕಾಣುವಂತಿದ್ದರೆ ಐ. ಒಳವಿಭಾಗಗಳನ್ನು ಸೇರಿಸಿದರೆ ಒಟ್ಟು 11 ದರ್ಜೆಗಳು. ಅಡಕೆಯ ದರ್ಜೆಗಳನ್ನು ಬಲ್ಲ ಊರಿಗೆ ಇದು ತಿಳಿಯಲಾರದ ವಿದ್ಯೆಯೇನೂ ಅಲ್ಲ.

ಅಂಗಡಿಗಳಲ್ಲಿ ಇದನ್ನು ‘ಶುದ್ಧತೆ’ ಎಂದು ಕನ್ನಡಿಸುತ್ತಾರೆ. ಮೋಸದ ಮೊದಲ ಬೀಜ ಇಲ್ಲಿದೆ. ಚಿನ್ನದ ಶುದ್ಧತೆ ಅಳೆಯಬಹುದಾದ ಸಂಗತಿ. ಚೂರನ್ನು ಕರಗಿಸಿ ಪರೀಕ್ಷಿಸಿದರೆ 916 ಹೌದೋ ಅಲ್ಲವೋ ಗೊತ್ತಾಗುತ್ತದೆ. ವಜ್ರದ ಕ್ಲಾರಿಟಿ ಹಾಗಲ್ಲ. ಅದು ತರಬೇತಾದ ಕಣ್ಣಿನ ಅಭಿಪ್ರಾಯ. ಒಂದೇ ಹರಳಿಗೆ ಇಬ್ಬರು ಪ್ರಾಮಾಣಿಕ ಪರೀಕ್ಷಕರು ಒಂದು ದರ್ಜೆಯ ಅಂತರದಲ್ಲಿ ತೀರ್ಪು ಕೊಡುವುದುಂಟು. ಆದ್ದರಿಂದ ‘ಯಾರ ಅಭಿಪ್ರಾಯ?’ ಎಂಬ ಪ್ರಶ್ನೆಯೇ ಮುಖ್ಯ. ಅಭಿಪ್ರಾಯ ಕೊಟ್ಟವನೇ ಮಾರುವವನೂ ಆಗಿದ್ದರೆ ಅದಕ್ಕೆ ಪ್ರಮಾಣಪತ್ರವೆಂಬ ಹೆಸರು ಸಲ್ಲದು. ಇನ್ನು ಒಡವೆಯ ಮೇಲಿನ ಹಾಲ್‌ಮಾರ್ಕ್ ಮತ್ತು ಆರು ಅಕ್ಷರ-ಅಂಕಿಗಳ ಗುರುತು ಚಿನ್ನಕ್ಕೆ ಮಾತ್ರ ಸಂಬಂಧಿಸಿದವು. ಅದರಲ್ಲಿ ಕೂತ ಕಲ್ಲಿನ ಬಗ್ಗೆ ಅವು ಒಂದಕ್ಷರವನ್ನೂ ಹೇಳುವುದಿಲ್ಲ. ‘ಹಾಲ್‌ಮಾರ್ಕ್ ಇದೆಯಲ್ಲ’ ಎಂದು ವಜ್ರದ ಬಗ್ಗೆ ಕೇಳಿದವರಿಗೆ ಉತ್ತರಿಸುವ ಅಂಗಡಿಯವನಿಗೆ ಇದು ತಿಳಿಯದೆ ಇರುವುದಿಲ್ಲ.

ಎರಡನೆಯ ಮೌನ ಇನ್ನೂ ಲಾಭದಾಯಕವಾದುದು. ಹತ್ತು ಸೆಂಟಿನ ಮೂಗುಬೊಟ್ಟಿನ ಹರಳು, ಅಂದರೆ 20 ಮಿಲಿಗ್ರಾಂ ತೂಕದ್ದು, ವಿ.ವಿ.ಎಸ್. ಆಗಿದ್ದರೇನು, ವಿ.ಎಸ್. ಆಗಿದ್ದರೇನು? ಎದುರು ಕುಳಿತ ಬೀಗಿತ್ತಿಯ ಕಣ್ಣಿಗೆ ವ್ಯತ್ಯಾಸ ಕಾಣುವುದೇ ಇಲ್ಲ. ಒಳ್ಳೆಯ ಎಸ್.ಐ. ಹರಳಿನ ದೋಷವೂ ಅನೇಕ ವೇಳೆ ಬರಿಗಣ್ಣಿಗೆ ಗೋಚರಿಸದು. ಹೊಳಪನ್ನು ಕೊಡುವುದು ಮುಖ್ಯವಾಗಿ ಕಡಿತ, ಅಂದರೆ ಸಾಣೆ ಹಿಡಿದವನ ಕೈಚಳಕ. ಕಳಪೆಯಾಗಿ ಕಡಿದ ವಿ.ವಿ.ಎಸ್. ಮಂಕಾಗಿಯೂ, ಚೆನ್ನಾಗಿ ಕಡಿದ ಎಸ್.ಐ. ಜಗಮಗಿಸಿಯೂ ಕಾಣಬಹುದು. ಕ್ಲಾರಿಟಿಯ ದೋಷ ನಿಜಕ್ಕೂ ಬಾಧಕವಾಗುವುದು ಬಿರುಕು ಹರಳಿನ ಅಂಚಿಗೆ ಬಂದು ತಾಗಿದಾಗ. ಉಂಗುರದ ಕಲ್ಲಾದರೆ ಒಂದು ಪೆಟ್ಟಿಗೆ ಚಕ್ಕೆ ಏಳಬಹುದು. ಇದನ್ನು ತೋರಿಸಿ ಹೇಳುವ ಅಂಗಡಿಗಳು ವಿರಳ. ಕಾಣದ ನಿರ್ಮಲತೆಗೆ ಬೆಲೆ ಏರಿಸಿ, ಕಾಣಬೇಕಾದ ಬಿರುಕನ್ನು ಹಿಡಿಕೆಯ ಚಿನ್ನದಡಿ ಮುಚ್ಚುವುದು ಯಾವ ನ್ಯಾಯ?

ಮುಚ್ಚುವ ಮಾತು ಬಂದುದರಿಂದ ಇನ್ನೊಂದು ಸಂಗತಿ. ಹಳೆಯ ರೀತಿಯ ಓಲೆಗಳಲ್ಲಿ ಹರಳಿನ ಹಿಂಭಾಗವನ್ನು ಪೂರ್ತಿ ಮುಚ್ಚಿ ಕಟ್ಟುತ್ತಾರೆ. ಹೀಗೆ ಕಟ್ಟಿದ ಕಲ್ಲಿಗೆ ಯಾವ ಪರೀಕ್ಷಕನೂ ನಿಖರವಾದ ಕ್ಲಾರಿಟಿ ದರ್ಜೆ ಕೊಡಲಾರ. ಪೂರ್ಣ ವರದಿ ಸಿಗುವುದು ಬಿಡಿ ಹರಳಿಗೆ ಮಾತ್ರ. ಐವತ್ತು ಸಣ್ಣ ಹರಳುಗಳ ಹಾರಕ್ಕೆ ‘ಎಲ್ಲವೂ ವಿ.ವಿ.ಎಸ್.’ ಎಂದು ಬಿಲ್ಲಿನಲ್ಲಿ ಬರೆದುಕೊಡುವವನು ಒಂದೊಂದನ್ನೂ ಮಸೂರದಡಿ ನೋಡಿದ್ದಾನೆಯೇ? ನೋಡದಿದ್ದರೆ ಯಾವ ಧೈರ್ಯದಿಂದ ಬರೆದ? (ಹಳೆಯ ತಲೆಮಾರಿನವರನ್ನು ಮರುಳುಗೊಳಿಸುವ ‘ಬ್ಲೂ ಜಾಗರ್’ ಎಂಬ ಹೆಸರಿನ ಕಥೆಯೂ ಇಂಥದೇ. ಆ ಹೆಸರಿಗೆ ಮೂಲವಾದ ದಕ್ಷಿಣ ಆಫ್ರಿಕಾದ ಜಾಗರ್ಸ್‌ಫಾಂಟೇನ್ ಗಣಿ 1971ರಲ್ಲಿಯೇ ಮುಚ್ಚಿತು. ಹೊಸ ಕಲ್ಲುಗಳಿಗೆ ಹೆಸರು ಮಾತ್ರ ಮುಂದುವರಿದಿದೆ.)

ಅತ್ಯಂತ ಗಂಭೀರವಾದುದು ಮೂರನೆಯ ಮೌನ. 1980ರ ದಶಕದಿಂದ ಬಿರುಕುಗಳಿಗೆ ಗಾಜಿನಂಥ ದ್ರವ್ಯ ತುಂಬಿ ಅವನ್ನು ಕಣ್ಮರೆ ಮಾಡುವ ವಿದ್ಯೆ ಬಳಕೆಯಲ್ಲಿದೆ. ಲೇಸರ್ ಕಿರಣದಿಂದ ಸೂಕ್ಷ್ಮ ರಂಧ್ರ ಕೊರೆದು ಕರಿ ಚುಕ್ಕೆಯನ್ನು ಬಿಳುಪಾಗಿಸುವುದೂ ಉಂಟು. ತುಂಬಿದ ಹರಳು ಅಂಗಡಿಯಲ್ಲಿ ಸ್ವಚ್ಛವಾಗಿ ಕಾಣುತ್ತದೆ. ವರ್ಷಗಳ ಬಳಿಕ ಓಲೆಯ ತಿರುಪು ಸವೆದು ಊರಿನ ಶೇಟರ ಬಳಿ ಬೆಸುಗೆಗೆ ಒಯ್ದಾಗ, ಜ್ವಾಲೆಯ ಕಾವಿಗೆ ಒಳಗಿನ ತುಂಬು ಕೆಟ್ಟು ಕಲ್ಲು ಮಸುಕಾಗುತ್ತದೆ. ‘ಅಕ್ಕಸಾಲಿಗ ಕಲ್ಲು ಬದಲಿಸಿದ’ ಎಂಬ ಅಪವಾದ ಹೊರುವವನು ಏನೂ ಅರಿಯದ ಆ ಬಡ ಕಸುಬುದಾರ. ಮೊದಲು ಮಾರಿದವನು ತುಟಿ ಬಿಚ್ಚಿದ್ದರೆ ಈ ಕಳಂಕ ತಪ್ಪುತ್ತಿತ್ತು.

ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರದ ಮಾತು ಇದಕ್ಕೆ ಸೇರಿಯೇ ಬರುತ್ತದೆ. 1954ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವರು ಸಾಧಿಸಿದ ಈ ವಿದ್ಯೆ ಇಂದು ಸೂರತ್ತಿನಲ್ಲಿ ದೊಡ್ಡ ಉದ್ಯಮ. ಅದು ಗಾಜಲ್ಲ, ನಿಜವಾದ ವಜ್ರವೇ. ಗಣಿಯ ಹಿಂಸೆಯನ್ನು ಒಲ್ಲದ ಶ್ರಾವಕನು ತಿಳಿದು ಕೊಂಡರೆ ಆಕ್ಷೇಪವೇನು? ಆಕ್ಷೇಪವಿರುವುದು ತಿಳಿಸದೆ ಮಾರುವುದಕ್ಕೆ. ಅದರ ಬೆಲೆ ಈಚಿನ ವರ್ಷಗಳಲ್ಲಿ ತೀವ್ರವಾಗಿ ಕುಸಿದಿದೆ. ಗಣಿಯ ವಜ್ರದ ಬೆಲೆಗೆ ಅದನ್ನು ಕೊಂಡವನ ನಷ್ಟವನ್ನು ಊಹಿಸಬಹುದು. ಅಂಗಡಿಯಲ್ಲಿ ‘ಕುಂಯ್’ ಎನ್ನುವ ಸಾಮಾನ್ಯ ಪರೀಕ್ಷಾಕಡ್ಡಿ ಶಾಖದ ವಹನವನ್ನು ಮಾತ್ರ ಅಳೆಯುವುದರಿಂದ ಇವೆರಡನ್ನೂ ವಜ್ರವೆಂದೇ ಸಾರುತ್ತದೆ. ಬೆಳೆಸಿದ ವಜ್ರ ಸಾಮಾನ್ಯವಾಗಿ ಬಹಳ ಸ್ವಚ್ಛವಾಗಿಯೇ ಇರುವುದರಿಂದ ಅದರ ಕಾರ್ಡಿನಲ್ಲಿ ‘ವಿ.ವಿ.ಎಸ್.’ ಎಂದಿರುವುದು ವಿಶೇಷವಲ್ಲ. 2025ರಲ್ಲಿ ಜಿ.ಐ.ಎ. ಸಂಸ್ಥೆಯೇ ಅಂಥ ಹರಳುಗಳಿಗೆ ಈ ಅಕ್ಷರಗಳನ್ನು ಕೊಡುವುದನ್ನು ಬಿಟ್ಟು ‘ಪ್ರೀಮಿಯಂ’, ‘ಸ್ಟ್ಯಾಂಡರ್ಡ್’ ಎಂಬ ಎರಡೇ ವರ್ಗಗಳನ್ನು ಇಟ್ಟುಕೊಂಡಿತು. ಆದರೂ ಮದುವೆಯ ಹಂಗಾಮಿನ ಮಾರಾಟಮೇಳಗಳಲ್ಲಿ, ಭಟ್ಕಳದ ಮನೆಗಳಿಗೆ ಕೊಲ್ಲಿ ನಾಡುಗಳಿಂದ ಬರುವ ಪೆಟ್ಟಿಗೆಗಳಲ್ಲಿ, ಆ ಅಕ್ಷರಗಳೇ ಮಾನ್ಯತೆಯ ಮುದ್ರೆಯಾಗಿ ಮೆರೆಯುತ್ತಿವೆ.

ಜೈನ ವ್ಯಾಪಾರಿಗೆ ಇದು ಬರಿಯ ಕಾನೂನಿನ ಪ್ರಶ್ನೆಯಲ್ಲ. ಅಚೌರ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳುವ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೂ ಹೀನಾಧಿಕ ಮಾನೋನ್ಮಾನವೂ ಸೇರಿವೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅದನ್ನೇ ಸದೃಶಸನ್ಮಿಶ್ರವೆಂದು ಹೆಸರಿಸಿದ್ದಾರೆ: ಒಂದರಂತೆ ಕಾಣುವ ಇನ್ನೊಂದನ್ನು ಬೆರೆಸುವುದು. ಗಣಿಯ ಹರಳಿನ ಪೊಟ್ಟಣದಲ್ಲಿ ಬೆಳೆಸಿದ ಹರಳನ್ನು ಸೇರಿಸುವುದಕ್ಕೆ ಇದಕ್ಕಿಂತ ಕರಾರುವಾಕ್ಕಾದ ಶಬ್ದ ಬೇಕೇ? ಸುಳ್ಳು ಕಾರ್ಡಿಗೆ ಸತ್ಯಾಣುವ್ರತದ ಅತಿಚಾರವಾದ ಕೂಟಲೇಖಕ್ರಿಯೆ ಎಂಬ ಹೆಸರು ಸಿದ್ಧವಾಗಿಯೇ ಇದೆ. ಮಾನೋನ್ಮಾನದ ದೋಷಕ್ಕೂ ಉದಾಹರಣೆ ದೂರವಿಲ್ಲ. ಐದು ಕ್ಯಾರಟ್ ಹರಳೆಂದರೆ ಸರಿಯಾಗಿ ಒಂದು ಗ್ರಾಂ. ಆ ತೂಕವನ್ನು ಕಳೆಯದೆ ಒಡವೆಯ ಒಟ್ಟು ತೂಕಕ್ಕೆ ಚಿನ್ನದ ದರ ಹಾಕಿದರೆ, ಕೊಂಡವನು ಅದೇ ಕಲ್ಲಿಗೆ ಒಮ್ಮೆ ವಜ್ರವೆಂದೂ ಇನ್ನೊಮ್ಮೆ ಚಿನ್ನವೆಂದೂ ಹಣ ತೆತ್ತಂತಾಯಿತು.

ರತ್ನಪರೀಕ್ಷೆ ಜೈನರಿಗೆ ಹೊಸದಲ್ಲ. ಅಲಾವುದ್ದೀನ್ ಖಲ್ಜಿಯ ಭಂಡಾರದ ರತ್ನಗಳನ್ನು ಕಣ್ಣಾರೆ ಕಂಡ ಠಕ್ಕುರ ಫೇರು ಎಂಬ ಶ್ರಾವಕನು 1315ರಲ್ಲಿಯೇ ರತ್ನಪರೀಕ್ಷೆಯ ಮೇಲೆ ಗ್ರಂಥ ಬರೆದ. ಅದೂ ತನ್ನ ಮಗನಿಗಾಗಿ, ಕುಲದ ವಿದ್ಯೆ ಮುಂದುವರಿಯಲೆಂದು. ಬಿಂದು, ರೇಖೆ, ಕಾಕಪದ ಎಂದು ವಜ್ರದ ದೋಷಗಳನ್ನು ಹೆಸರಿಟ್ಟು ಗುರುತಿಸುವುದು ಈ ದೇಶದ ರತ್ನಶಾಸ್ತ್ರದ ಹಳೆಯ ಪದ್ಧತಿ. ಅಂಥ ಪರಂಪರೆಯ ವಾರಸುದಾರರು ‘ಗಿರಾಕಿಗೆ ಅರ್ಥವಾಗುವುದಿಲ್ಲ’ ಎನ್ನುವುದು ನಾಚಿಕೆಗೇಡು. ‘ಸಣ್ಣ ಹರಳಿಗೆಲ್ಲ ಪರೀಕ್ಷೆಯ ಖರ್ಚು ಗಿಟ್ಟದು’ ಎಂಬ ವಾದದಲ್ಲಿ ಹುರುಳಿದೆ, ಒಪ್ಪೋಣ. ಹಾಗಿದ್ದಲ್ಲಿ ‘ಪ್ರತ್ಯೇಕವಾಗಿ ಪರೀಕ್ಷಿಸಿಲ್ಲ’ ಎಂದು ಬಿಲ್ಲಿನಲ್ಲಿ ಬರೆಯಲು ಯಾವ ಖರ್ಚು? ಗಣಿಯದೋ ಬೆಳೆಸಿದ್ದೋ, ತುಂಬು ಇದೆಯೋ ಇಲ್ಲವೋ, ದರ್ಜೆ ಕೊಟ್ಟವರು ಯಾರು, ಹರಳಿನ ತೂಕವೆಷ್ಟು, ನಿವ್ವಳ ಚಿನ್ನವೆಷ್ಟು, ಮರಳಿ ತಂದರೆ ಯಾವ ಲೆಕ್ಕದಲ್ಲಿ ಕೊಳ್ಳುವೆ: ಇಷ್ಟಕ್ಕೆ ಬಿಲ್ಲಿನಲ್ಲಿ ನಾಲ್ಕು ಸಾಲು ಸಾಕು. ಬರೆಯದಿದ್ದುದನ್ನು ನಾಳೆ ಕಾರವಾರದ ಗ್ರಾಹಕ ಆಯೋಗದ ಮುಂದೆ ಸಾಧಿಸುವುದು ಕಷ್ಟವೆಂದು ಬಲ್ಲವನೇ ಬರೆಯಲು ಹಿಂಜರಿಯುತ್ತಾನೆ.

ಗೇರುಸೊಪ್ಪೆ, ಹಾಡುವಳ್ಳಿ, ಭಟ್ಕಳಗಳ ಬಸದಿಗಳಿಗೆ ನಡೆದುಕೊಳ್ಳುವ ಮನೆತನಗಳೂ, ಯಕ್ಷಿಯರಿಗೆ ಹರಕೆಯ ಒಡವೆ ಬರುವ ಕ್ಷೇತ್ರಗಳ ಟ್ರಸ್ಟುಗಳೂ ಈ ಬಿಲ್ಲನ್ನು ಕೇಳುವ ಮೊದಲಿಗರಾಗಬಹುದು. ಟ್ರಸ್ಟಿನ ದಾಗೀನು ಪುಸ್ತಕದಲ್ಲಿ ‘ವಜ್ರದ ಹರಳು ಹನ್ನೆರಡು’ ಎಂದಷ್ಟೇ ಬರೆದಿಟ್ಟರೆ, ಮುಂದೊಂದು ದಿನ ಹನ್ನೆರಡು ಹರಳುಗಳು ಇರುತ್ತವೆ, ಆದರೆ ಅದೇ ಹನ್ನೆರಡೆಂದು ಹೇಳಬಲ್ಲವರು ಇರುವುದಿಲ್ಲ. ದಾನ ಬಂದ ದಿನವೇ ತೂಕ, ಅಳತೆ, ಸಮೀಪದಿಂದ ತೆಗೆದ ಛಾಯಾಚಿತ್ರ, ವರದಿಯಿದ್ದರೆ ಅದರ ಸಂಖ್ಯೆ, ಇಲ್ಲದಿದ್ದರೆ ‘ಪರೀಕ್ಷಿಸಿಲ್ಲ’ ಎಂಬ ಟಿಪ್ಪಣಿ, ಇವಿಷ್ಟನ್ನು ದಾನಿಯ ಎದುರೇ ನಮೂದಿಸಿ ಇಬ್ಬರು ಟ್ರಸ್ಟಿಗಳು ಸಹಿ ಹಾಕಬೇಕು. ದಾನಿಗೆ ಅಪಮಾನವಾದೀತೆಂಬ ಸಂಕೋಚ ಬೇಡ. ಅವನೂ ಅಂಗಡಿಯಿಂದ ಕೇಳಿ ತರಬೇಕಾಗಿದ್ದುದು ಇದನ್ನೇ.