ಗ್ರಾಮಠಾಣಾ ಅಳತೆಯಲ್ಲಿ ಡ್ರೋನ್: ಹಾರಾಟದ ನಿಯಂತ್ರಣ, ನಕ್ಷೆಯ ನಿಖರತೆ ಹಾಗೂ ಆಸ್ತಿದಾರರು ಗಮನಿಸಬೇಕಾದ ಅಂಶಗಳು

ಗ್ರಾಮೀಣ ಜನವಸತಿ ಪ್ರದೇಶಗಳ ಆಸ್ತಿಗಳನ್ನು ಡ್ರೋನ್ ಮೂಲಕ ಅಳೆದು ಆಸ್ತಿ ದಾಖಲೆ ಪತ್ರ (ಪ್ರಾಪರ್ಟಿ ಕಾರ್ಡ್) ನೀಡುವ ಸ್ವಾಮಿತ್ವ ಯೋಜನೆಯು 2020ರ ಏಪ್ರಿಲ್ 24ರಂದು, ರಾಷ್ಟ್ರೀಯ ಪಂಚಾಯತ್ ರಾಜ್ ದಿನದಂದು ಆರಂಭಗೊಂಡಿತು. ಪ್ರಾಯೋಗಿಕ ಹಂತಕ್ಕೆ ಆಯ್ಕೆಯಾದ ರಾಜ್ಯಗಳಲ್ಲಿ ಕರ್ನಾಟಕವೂ ಸೇರಿತ್ತು. ಅದೇ ವರ್ಷ ಅಕ್ಟೋಬರ್ 11ರಂದು 6 ರಾಜ್ಯಗಳ 763 ಗ್ರಾಮಗಳಲ್ಲಿ ಮೊದಲ ಬಾರಿಗೆ ಪತ್ರಗಳ ವಿತರಣೆಯಾದಾಗ ಅವುಗಳಲ್ಲಿ ಕರ್ನಾಟಕದ 2 ಗ್ರಾಮಗಳಿದ್ದವು. 2021ರ ಏಪ್ರಿಲ್ 24ರಿಂದ ಯೋಜನೆಯನ್ನು ದೇಶಾದ್ಯಂತ ವಿಸ್ತರಿಸಲಾಯಿತು.

2025ರ ಜನವರಿ 18ರಂದು ಒಂದೇ ದಿನ 65 ಲಕ್ಷ ಪತ್ರಗಳನ್ನು ವಿತರಿಸಿದ ಸಂದರ್ಭದಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿದ ಅಂಕಿಅಂಶಗಳಲ್ಲಿ ಎರಡು ಸಂಖ್ಯೆಗಳು ಗಮನಾರ್ಹವಾಗಿವೆ. ಅಂದಿನವರೆಗೆ ದೇಶದ 3.17 ಲಕ್ಷಕ್ಕೂ ಹೆಚ್ಚು ಗ್ರಾಮಗಳಲ್ಲಿ ಡ್ರೋನ್ ಹಾರಾಟ ಪೂರ್ಣಗೊಂಡಿತ್ತು. ಪತ್ರಗಳು ಸಿದ್ಧವಾಗಿದ್ದುದು ಸುಮಾರು 1.53 ಲಕ್ಷ ಗ್ರಾಮಗಳಿಗೆ ಮಾತ್ರ. ಅಂದರೆ ಹಾರಾಟ ಮುಗಿದ ಗ್ರಾಮಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಪತ್ರ ಸಿದ್ಧವಾಗುವುದು ಬಾಕಿಯಿತ್ತು. ಒಂದು ಗ್ರಾಮದ ಮೇಲಿನ ಹಾರಾಟ ಸಾಮಾನ್ಯವಾಗಿ ಕೆಲವೇ ಗಂಟೆಗಳ ಕೆಲಸ. ಆ ಚಿತ್ರದಲ್ಲಿ ಕಾಣುವ ಪ್ರತಿಯೊಂದು ಗೆರೆಯು ಯಾರದು ಎಂದು ನಿರ್ಧರಿಸುವುದು ನೆಲದ ಮೇಲಿನ ಕೆಲಸವಾಗಿದ್ದು, ವಿಳಂಬಕ್ಕೂ ತಕರಾರಿಗೂ ಅವಕಾಶವಿರುವುದು ಹೆಚ್ಚಾಗಿ ಅಲ್ಲಿಯೇ.

ಗ್ರಾಮಠಾಣಾ ಅಳತೆಯಿಂದ ಹೊರಗುಳಿದ ಬಗೆ

ಹಿಂದಿನ ಕಂದಾಯ ಭೂಮಾಪನದ ಉದ್ದೇಶ ಭೂಕಂದಾಯ ನಿಗದಿಯಾಗಿತ್ತು. ಸಾಗುವಳಿ ಜಮೀನನ್ನು 33 ಅಡಿ ಸರಪಳಿಯಿಂದ ಅಳೆದು ಎಕರೆ, ಗುಂಟೆ, ಆಣೆ ಲೆಕ್ಕದಲ್ಲಿ ದಾಖಲಿಸಲಾಯಿತು. ಜನವಸತಿಯ ಗ್ರಾಮಠಾಣಾ ಪ್ರದೇಶಕ್ಕೆ ಭೂಕಂದಾಯವಿರಲಿಲ್ಲವಾದ್ದರಿಂದ ಅದರ ಹೊರ ಎಲ್ಲೆಯನ್ನು ಮಾತ್ರ ಗುರುತಿಸಿ, ಒಳಗಿನ ಮನೆ, ಹಿತ್ತಲು, ಕೊಟ್ಟಿಗೆಗಳನ್ನು ಬಿಡಿಬಿಡಿಯಾಗಿ ಅಳೆಯದೆ ಬಿಡಲಾಯಿತು. ಜಮೀನಿಗೆ ಪಹಣಿಯುಂಟು, ಮನೆಗೆ ಇಲ್ಲ ಎಂಬ ಸ್ಥಿತಿ ಹೀಗೆ ಉಂಟಾಯಿತು. ಗ್ರಾಮ ಪಂಚಾಯಿತಿಯ ವಹಿಯಲ್ಲಿ ಉದ್ದ, ಅಗಲ ಹಾಗೂ ಚಕ್ಕುಬಂದಿ ನಮೂದಾಗಿದ್ದರೂ ಅದು ತೆರಿಗೆ ವಸೂಲಾತಿಗಾಗಿ ಇಟ್ಟ ದಾಖಲೆ. ‘ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಅಣ್ಣನ ಮನೆ’ ಎಂಬಂತಹ ಚಕ್ಕುಬಂದಿಯಿಂದ, ಅಣ್ಣನ ಮನೆ ಕೈಬದಲಾದ ಮೇಲೆ ಗಡಿಯನ್ನು ಗುರುತಿಸುವುದು ಕಷ್ಟಸಾಧ್ಯ.

ಹಾರಾಟದ ನಿಯಂತ್ರಣ ವ್ಯವಸ್ಥೆ

ಮಾನವರಹಿತ ವೈಮಾನಿಕ ವಾಹನವನ್ನು ನೆಲದ ಮೇಲಿರುವ ಪೈಲಟ್ ಪ್ರತಿ ಕ್ಷಣವೂ ಕೈಯಿಂದ ನಡೆಸುತ್ತಾರೆ ಎಂಬ ಭಾವನೆ ಸಾಮಾನ್ಯವಾಗಿದೆ. ಅಳತೆ ಕಾರ್ಯದಲ್ಲಿ ವಾಸ್ತವ ಸ್ಥಿತಿ ಬೇರೆ. ಗ್ರಾಮದ ಎಲ್ಲೆ, ಹಾರಾಟದ ಎತ್ತರ, ಸಾಗಬೇಕಾದ ಸಾಲುಗಳು ಹಾಗೂ ಚಿತ್ರ ತೆಗೆಯಬೇಕಾದ ಅಂತರವನ್ನು ಮುಂಚಿತವಾಗಿಯೇ ಗಣಕಯಂತ್ರದಲ್ಲಿ ಯೋಜಿಸಿ ವಾಹನಕ್ಕೆ ಅಳವಡಿಸಲಾಗುತ್ತದೆ. ರೈತನು ಹೊಲವನ್ನು ಸಾಲು ಸಾಲಾಗಿ ಉಳುವಂತೆ ವಾಹನವು ಸಮಾನಾಂತರ ಸಾಲುಗಳಲ್ಲಿ ಸಾಗುತ್ತದೆ. ಒಂದು ಚಿತ್ರದ ಬಹುಭಾಗ ಮುಂದಿನ ಚಿತ್ರದಲ್ಲಿಯೂ ಬರುವಂತೆ ಛಾಯಾಗ್ರಹಣ ನಡೆಯುತ್ತದೆ. ಒಂದೇ ಬಿಂದುವು ಹಲವು ಕೋನಗಳಿಂದ ಕಂಡಾಗ ಮಾತ್ರ ಅದರ ಸ್ಥಾನವನ್ನೂ ಎತ್ತರವನ್ನೂ ಗಣನೆ ಮಾಡಲು ಸಾಧ್ಯವಾಗುವುದು ಇದಕ್ಕೆ ಕಾರಣ.

ವಾಹನದೊಳಗಿನ ಸ್ವಯಂಚಾಲಿತ ನಿಯಂತ್ರಕವು ವಾಲುವಿಕೆ ಹಾಗೂ ವೇಗದ ಬದಲಾವಣೆಯನ್ನು ಅಳೆಯುವ ಸಂವೇದಕಗಳು, ವಾಯುಭಾರ ಮಾಪಕ, ದಿಕ್ಸೂಚಿ ಮತ್ತು ಉಪಗ್ರಹ ಸಂಕೇತ ಗ್ರಾಹಕಗಳಿಂದ ಸತತವಾಗಿ ಮಾಹಿತಿ ಪಡೆದು, ಗಾಳಿ ಬೀಸಿದ ಕ್ಷಣವೇ ಮೋಟಾರುಗಳ ವೇಗವನ್ನು ಸರಿಹೊಂದಿಸುತ್ತದೆ. ಪೈಲಟ್ ಮೇಲ್ವಿಚಾರಕರಾಗಿದ್ದು, ಅಗತ್ಯ ಬಿದ್ದಾಗ ನಿಯಂತ್ರಣವನ್ನು ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ. ರೇಡಿಯೋ ಸಂಪರ್ಕ ಕಡಿದುಹೋದಲ್ಲಿ ಅಥವಾ ಬ್ಯಾಟರಿ ನಿಗದಿತ ಮಟ್ಟಕ್ಕಿಂತ ಕೆಳಗಿಳಿದಲ್ಲಿ ಹೊರಟ ಸ್ಥಳಕ್ಕೆ ತಾನಾಗಿಯೇ ಮರಳುವ ವ್ಯವಸ್ಥೆಯೂ ಇಂತಹ ವಾಹನಗಳಲ್ಲಿ ಇರುತ್ತದೆ. ಹಾರಾಟದ ನಡುವೆ ವಾಹನವು ಏಕಾಏಕಿ ಹಿಂದಿರುಗಿದರೆ ಅಳತೆ ಕೈಬಿಡಲಾಗಿದೆ ಎಂದು ಗ್ರಾಮಸ್ಥರು ಭಾವಿಸಬೇಕಾಗಿಲ್ಲ.

ಸಾಮಾನ್ಯ ಉಪಗ್ರಹ ಗ್ರಾಹಕವು ತೋರಿಸುವ ಸ್ಥಾನದಲ್ಲಿ ಕೆಲವು ಮೀಟರುಗಳ ವ್ಯತ್ಯಾಸವಿರಬಹುದು. ಮೊಬೈಲ್ ಫೋನಿಗೆ ಅದು ಸಾಕು. 30 ಅಡಿ ಅಗಲದ ನಿವೇಶನಕ್ಕೆ ಸಾಲದು. ಆದ್ದರಿಂದ ಯೋಜನೆಯ ತಾಂತ್ರಿಕ ಅನುಷ್ಠಾನ ಸಂಸ್ಥೆಯಾದ ಭಾರತೀಯ ಸರ್ವೇಕ್ಷಣಾ ಇಲಾಖೆಯು ಸದಾ ಕಾರ್ಯನಿರತವಾಗಿರುವ ಉಲ್ಲೇಖ ಕೇಂದ್ರಗಳ ಜಾಲವನ್ನು (ಕಾರ್ಸ್) ಸ್ಥಾಪಿಸಿದೆ. ಉಲ್ಲೇಖ ಕೇಂದ್ರದ ನಿಖರ ಸ್ಥಾನ ಮೊದಲೇ ತಿಳಿದಿರುವುದರಿಂದ, ಉಪಗ್ರಹ ಸಂಕೇತದಲ್ಲಿನ ದೋಷವೆಷ್ಟು ಎಂಬುದನ್ನು ಅದು ಲೆಕ್ಕಹಾಕಬಲ್ಲದು. ಅದೇ ತಿದ್ದುಪಡಿಯನ್ನು ಸುತ್ತಲಿನ ಅಳತೆಗಳಿಗೂ ಅನ್ವಯಿಸಲಾಗುತ್ತದೆ. ಹೀಗೆ 1:500 ಪ್ರಮಾಣದ, ಸುಮಾರು 5 ಸೆಂ.ಮೀ. ನಿಖರತೆಯ ನಕ್ಷೆಯನ್ನು ಯೋಜನೆಯು ಗುರಿಯಾಗಿರಿಸಿಕೊಂಡಿದೆ.

ವಾಯುಪ್ರದೇಶದ ನಿರ್ಬಂಧಗಳು ಪ್ರತ್ಯೇಕವಾಗಿವೆ. 2021ರ ಆಗಸ್ಟ್ 25ರಂದು ಅಧಿಸೂಚಿಸಲಾದ ಡ್ರೋನ್ ನಿಯಮಗಳು ವಾಯುಪ್ರದೇಶವನ್ನು ಹಸಿರು, ಹಳದಿ ಮತ್ತು ಕೆಂಪು ವಲಯಗಳಾಗಿ ವಿಂಗಡಿಸಿವೆ. ಹಸಿರು ವಲಯದಲ್ಲಿ 400 ಅಡಿ ಎತ್ತರದವರೆಗೆ, ವಿಮಾನ ನಿಲ್ದಾಣದ ಪರಿಧಿಯಿಂದ 8ರಿಂದ 12 ಕಿ.ಮೀ. ಅಂತರದಲ್ಲಿ 200 ಅಡಿಯವರೆಗೆ ಹಾರಾಟಕ್ಕೆ ಪೂರ್ವಾನುಮತಿಯ ಅಗತ್ಯವಿಲ್ಲ. ಹಳದಿ ವಲಯಕ್ಕೆ ವಾಯು ಸಂಚಾರ ನಿಯಂತ್ರಣ ಪ್ರಾಧಿಕಾರದ, ಕೆಂಪು ವಲಯಕ್ಕೆ ಕೇಂದ್ರ ಸರ್ಕಾರದ ಅನುಮತಿ ಬೇಕು. ವಿಮಾನ ನಿಲ್ದಾಣ ಅಥವಾ ರಕ್ಷಣಾ ನೆಲೆಗಳ ಸಮೀಪದ ಗ್ರಾಮಗಳಲ್ಲಿ ಹಾರಾಟ ತಡವಾಗಲು ಇದೂ ಒಂದು ಕಾರಣವಾಗಬಹುದು.

ಮೇಲಿನಿಂದ ಕಾಣುವುದು, ಕಾಣದಿರುವುದು

5 ಸೆಂ.ಮೀ. ಎಂಬ ಅಂಕಿಯನ್ನು ಆಸ್ತಿದಾರರು ಸರಿಯಾಗಿ ಅರ್ಥಮಾಡಿಕೊಳ್ಳುವುದು ಅವಶ್ಯ. ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವ ಬಿಂದುವಿನ ಸ್ಥಾನಕ್ಕೆ ಅದು ಅನ್ವಯಿಸುತ್ತದೆ. ಆ ಬಿಂದು ಆಸ್ತಿಯ ಗಡಿ ಹೌದೋ ಅಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ.

ಹೆಂಚಿನ ಮನೆಯ ಉದಾಹರಣೆಯನ್ನು ಗಮನಿಸಬಹುದು. ಸೂರು ಗೋಡೆಯಿಂದ ಎರಡು-ಮೂರು ಅಡಿ ಹೊರಚಾಚಿರುತ್ತದೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ಕಾಣುವುದು ಸೂರಿನ ಅಂಚು, ಗೋಡೆಯಲ್ಲ. ಸೂರಿನ ನೀರು ಯಾರ ಜಾಗದಲ್ಲಿ ಬೀಳಬೇಕು ಎಂಬುದೇ ಹಳ್ಳಿಗಳ ಬಹುಕಾಲದ ವ್ಯಾಜ್ಯವಾಗಿರುವಾಗ, ಸೂರಿನ ಅಂಚನ್ನೇ ಗಡಿಯೆಂದು ಗೆರೆ ಎಳೆದಲ್ಲಿ ನೆರೆಯವನ ಎರಡು ಅಡಿ ಜಾಗ ಅತ್ಯಂತ ನಿಖರವಾಗಿಯೇ ಕಳೆದುಹೋಗಬಹುದು. ಎರಡು ಮನೆಗಳಿಗೆ ಒಂದೇ ನಡುಗೋಡೆಯಿದ್ದು ಮೇಲೆ ಒಂದೇ ಮಾಳಿಗೆಯಿದ್ದಲ್ಲಿ ಚಿತ್ರದಲ್ಲಿ ಒಂದೇ ಕಟ್ಟಡ ಕಾಣುತ್ತದೆ. ಪಾಲಾದ ಅಣ್ಣತಮ್ಮಂದಿರ ಮನೆಗಳಲ್ಲಿ ಈ ಸಮಸ್ಯೆ ವಿಶೇಷವಾಗಿ ತಲೆದೋರುತ್ತದೆ.

ಬಣವೆ ಹಾಕುವ ಜಾಗ, ತಿಪ್ಪೆಗುಂಡಿ, ಕಣ, ಬೇಲಿಯಿಲ್ಲದ ಹಿತ್ತಲು ಇವೆಲ್ಲ ಮೇಲಿನಿಂದ ಬಯಲಿನಂತೆಯೇ ತೋರುತ್ತವೆ. ಮಲೆನಾಡು ಹಾಗೂ ಕರಾವಳಿಯಲ್ಲಿ ಅಡಿಕೆ, ತೆಂಗಿನ ಮರಗಳ ನೆರಳಿನಲ್ಲಿರುವ ಮನೆಗಳ ಗಡಿಗಳು ಚಿತ್ರದಲ್ಲಿ ಮರೆಯಾಗುವ ಸಂಭವ ಹೆಚ್ಚು. ಅಂತಹ ಸ್ಥಳಗಳಲ್ಲಿ ನೆಲದ ಮೇಲಿನ ಉಪಕರಣ ಅಥವಾ ಟೇಪಿನಿಂದ ಅಳತೆ ಮಾಡಿ ನಕ್ಷೆಯನ್ನು ಪೂರ್ಣಗೊಳಿಸಬೇಕಾಗುತ್ತದೆ. ದಟ್ಟ ಮರಗಳ ಕೆಳಗೆ ಉಪಗ್ರಹ ಸಂಕೇತವೂ ಕ್ಷೀಣಿಸುವುದರಿಂದ ಹಳೆಯ ಟೇಪು ಅಲ್ಲಿ ಇನ್ನೂ ಕೆಲಸಕ್ಕೆ ಬರುತ್ತದೆ.

ಸುಣ್ಣದ ಗೆರೆಯ ಮಹತ್ವ

ಈ ಕಾರಣಗಳಿಂದಲೇ ಹಾರಾಟಕ್ಕೆ ಮುನ್ನ ಗ್ರಾಮಸಭೆಯಲ್ಲಿ ಮಾಹಿತಿ ನೀಡಿ, ಆಸ್ತಿದಾರರ ಸಮಕ್ಷಮ ಪ್ರತಿ ಆಸ್ತಿಯ ಗಡಿಯನ್ನು ಸುಣ್ಣದ ಪುಡಿಯಿಂದ ಗುರುತಿಸುವ ವಿಧಾನವನ್ನು ಅನುಸರಿಸಲಾಗುತ್ತದೆ. ಬಿಳಿ ಗೆರೆಯು ಚಿತ್ರದಲ್ಲಿ ಎದ್ದುಕಾಣುತ್ತದೆ. ನಕ್ಷೆಗಾರರು ಅದನ್ನೇ ಅನುಸರಿಸಿ ಆಸ್ತಿಯ ಆಕಾರವನ್ನು ಬಿಡಿಸುತ್ತಾರೆ. ಕೋಟ್ಯಂತರ ರೂಪಾಯಿ ವೆಚ್ಚದ ವ್ಯವಸ್ಥೆಯೊಂದು ಕೊನೆಗೆ ಒಂದು ಬುಟ್ಟಿ ಸುಣ್ಣವನ್ನು ಅವಲಂಬಿಸಿರುವುದು ವಿಚಿತ್ರವೆನಿಸಿದರೂ ನಕ್ಷೆಯ ಸತ್ಯಾಸತ್ಯತೆ ನಿರ್ಧಾರವಾಗುವುದು ಬಹುಮಟ್ಟಿಗೆ ಆ ದಿನವೇ.

ಗುರುತಿಸುವ ದಿನ ಆಸ್ತಿದಾರರು ಅಥವಾ ಅವರ ಪರವಾಗಿ ವಿಷಯ ತಿಳಿದವರು ಸ್ಥಳದಲ್ಲಿರುವುದು ಅಪೇಕ್ಷಣೀಯ. ಉದ್ಯೋಗ ನಿಮಿತ್ತ ಬೆಂಗಳೂರು, ಮುಂಬಯಿ ಮುಂತಾದೆಡೆ ನೆಲೆಸಿ ಊರಿನ ಮನೆಗೆ ಬೀಗ ಹಾಕಿರುವವರ ಗಡಿಯನ್ನು ನೆರೆಹೊರೆಯವರೇ ತೋರಿಸುವ ಪರಿಸ್ಥಿತಿ ಬರಬಹುದು. ವಿಧವೆಯರು, ವಯೋವೃದ್ಧರು ಹಾಗೂ ಒಂಟಿಯಾಗಿರುವವರ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ಕ್ರಯಪತ್ರ, ವಿಭಾಗ ಪತ್ರ, ಹಕ್ಕುಪತ್ರ, ನಮೂನೆ 9 ಮತ್ತು 11, ತೆರಿಗೆ ರಸೀದಿ ಇವುಗಳಲ್ಲಿ ಲಭ್ಯವಿರುವುದನ್ನು ಜೊತೆಯಲ್ಲಿಟ್ಟುಕೊಂಡು, ದಾಖಲೆಯ ಅಳತೆಗೂ ಸ್ಥಳದ ಅಳತೆಗೂ ವ್ಯತ್ಯಾಸವಿದ್ದಲ್ಲಿ ಅಂದೇ ಭೂಮಾಪಕರ ಗಮನಕ್ಕೆ ತರತಕ್ಕದ್ದು. ಗಡಿಯ ಬಗ್ಗೆ ನೆರೆಯವರೊಡನೆ ಒಮ್ಮತವಿಲ್ಲದಿದ್ದಲ್ಲಿ ಸುಮ್ಮನೆ ಒಪ್ಪಿ ಸಹಿ ಹಾಕುವುದಕ್ಕಿಂತ ತಕರಾರನ್ನು ದಾಖಲಿಸುವುದು ಮೇಲು.

ಹಾರಾಟದ ನಂತರ ಸಿದ್ಧವಾಗುವ ಕರಡು ನಕ್ಷೆಯನ್ನು ಸ್ಥಳದಲ್ಲಿ ತಾಳೆ ನೋಡಿ, ವಿಚಾರಣೆ ನಡೆಸಿ, ಆಕ್ಷೇಪಣೆಗಳನ್ನು ಇತ್ಯರ್ಥಪಡಿಸಿದ ಬಳಿಕವೇ ಅಂತಿಮ ಪತ್ರವನ್ನು ನೀಡಲಾಗುತ್ತದೆ. ಕರಡಿನಲ್ಲಿ ಹೆಸರು, ವಿಸ್ತೀರ್ಣ, ಚಕ್ಕುಬಂದಿಗಳಷ್ಟನ್ನೇ ಓದದೆ ನಕ್ಷೆಯ ಪ್ರತಿ ಭುಜದ ಉದ್ದವನ್ನೂ ಪರಿಶೀಲಿಸುವುದು ಉತ್ತಮ. ಒಟ್ಟು ವಿಸ್ತೀರ್ಣ ಸರಿಯಿದ್ದು ಒಂದು ಕಡೆ ಕಡಿಮೆ, ಇನ್ನೊಂದು ಕಡೆ ಹೆಚ್ಚಾಗಿರುವ ಸಂದರ್ಭಗಳೂ ಇರಬಹುದು. ಆಕ್ಷೇಪಣೆಯನ್ನು ನೋಟಿಸಿನಲ್ಲಿ ತಿಳಿಸಿದ ಅವಧಿಯೊಳಗೆ ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ಕೌಟುಂಬಿಕ ಪಾಲು, ಉಯಿಲು ಮುಂತಾದ ಹಕ್ಕಿನ ವ್ಯಾಜ್ಯಗಳನ್ನು ಮಾತ್ರ ನಕ್ಷೆಯು ಬಗೆಹರಿಸಲಾರದು. ಅವು ಸಿವಿಲ್ ನ್ಯಾಯಾಲಯದ ವ್ಯಾಪ್ತಿಗೆ ಸೇರಿದವು.

ಖಾಸಗಿ ಡ್ರೋನ್ ಬಳಕೆ

ಕೃಷಿಯಲ್ಲಿ ಔಷಧಿ ಸಿಂಪಡಣೆ, ಬೆಳೆ ವೀಕ್ಷಣೆ, ಮದುವೆ ಛಾಯಾಗ್ರಹಣಗಳಿಗೆ ಡ್ರೋನ್ ಬಳಕೆ ಹೆಚ್ಚಿದಂತೆ, ಸ್ವಂತ ನಿವೇಶನವನ್ನು ಖಾಸಗಿಯಾಗಿ ಅಳೆಸಿಕೊಳ್ಳಲು ಬಯಸುವವರೂ ಇದ್ದಾರೆ. ಅಂತಹ ವಾಹನಕ್ಕೆ ವಿಶಿಷ್ಟ ಗುರುತಿನ ಸಂಖ್ಯೆ ಇದೆಯೇ, 250 ಗ್ರಾಂಗಿಂತ ಹೆಚ್ಚು ತೂಕದ ವಾಹನವನ್ನು ಬಾಡಿಗೆಗೆ ಹಾರಿಸುವವರ ಬಳಿ ದೂರನಿಯಂತ್ರಿತ ಪೈಲಟ್ ಪ್ರಮಾಣಪತ್ರ ಇದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ನಿಯಮ ಉಲ್ಲಂಘನೆಗೆ 1 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಖಾಸಗಿ ಚಿತ್ರವು ಆಕ್ಷೇಪಣೆಯನ್ನು ವಿವರಿಸಲು ನೆರವಾಗಬಹುದೇ ಹೊರತು ಅಧಿಕೃತ ಅಳತೆಗೆ ಬದಲಿಯಾಗುವುದಿಲ್ಲ.

ಕೊನೆಯದಾಗಿ, ನಕ್ಷೆಯು ಹಾರಾಟದ ದಿನದ ಸ್ಥಿತಿಯನ್ನು ತೋರಿಸುತ್ತದೆ. ಆನಂತರ ಕಟ್ಟಿದ ಕೋಣೆ, ಕೆಡವಿದ ಗೋಡೆ, ಮಾರಿದ ಹಿತ್ತಲು ಅದರಲ್ಲಿ ತಾವಾಗಿಯೇ ಸೇರುವುದಿಲ್ಲ. ಕ್ರಯ, ವಿಭಾಗ, ದಾನ ಅಥವಾ ಪೌತಿಯಿಂದ ಆಸ್ತಿಯ ಹಕ್ಕಿನಲ್ಲಿ ಬದಲಾವಣೆಯಾದಾಗ ಸಂಬಂಧಿಸಿದವರು ಪತ್ರದ ತಿದ್ದುಪಡಿಗೆ ಅರ್ಜಿ ಸಲ್ಲಿಸಬೇಕು. ಆಸ್ತಿಯ ಒಂದು ಭಾಗವನ್ನು ಮಾತ್ರ ಮಾರುವ ಉದ್ದೇಶವಿದ್ದಲ್ಲಿ ಕ್ರಯಪತ್ರ ಬರೆಸುವ ಮೊದಲೇ ಆ ಭಾಗವನ್ನು ಅಳತೆ ಮಾಡಿಸಿ ನಕ್ಷೆ ಪಡೆದಿರುವುದು ಉಭಯ ಪಕ್ಷದವರಿಗೂ ಕ್ಷೇಮ.