ಅರವಟ್ಟಿಗೆಯೂ ಅಪರಾಧವೆ?

ಟೆಕ್ನೊ, ಹೌಸ್ ಮುಂತಾದ ಹೆಸರುಗಳಿಂದ ಕರೆಯುವ ಎಲೆಕ್ಟ್ರಾನಿಕ್ ಸಂಗೀತ ನನ್ನ ಕಿವಿಗೆ ಒಗ್ಗುವುದಿಲ್ಲ. ಒಂದೇ ಬಡಿತ ಗಂಟೆಗಟ್ಟಲೆ ಸಾಗುವ ಆ ನಾದದಲ್ಲಿ ನನ್ನ ತರಗತಿಯ ಹುಡುಗರು ಕಾಣುವ ಸೊಗಸೇನೆಂಬುದನ್ನು ನಾನರಿಯೆ. ಆದರೂ ಆ ಸಂಗೀತ ನಡೆಯುವ ಕ್ಲಬ್ಬುಗಳ ಪರವಾಗಿ ನಾಲ್ಕು ಮಾತು ಹೇಳಬೇಕೆನಿಸಿದೆ. ಮೆಚ್ಚಿದ ಕಲೆಯ ಪರವಾಗಿ ವಾದಿಸುವುದು ಸುಲಭ. ಮೆಚ್ಚದ ಕಲೆಗೆ ಅನ್ಯಾಯವಾದಾಗ ನಾವು ಏನು ಮಾಡುತ್ತೇವೆಂಬುದರಲ್ಲಿ ನಮ್ಮ ನ್ಯಾಯಬುದ್ಧಿಯ ಪರೀಕ್ಷೆಯಿದೆ.

ಈ ಕ್ಲಬ್ಬುಗಳ ಮೇಲಿನ ದೂರು ಕೇವಲ ಕಟ್ಟುಕತೆಯೆಂದು ನಾನು ವಾದಿಸಲಾರೆ. ಲಂಡನ್ನಿನ ಸ್ಮಿತ್‌ಫೀಲ್ಡ್ ಮಾಂಸದ ಮಾರುಕಟ್ಟೆಯ ಬಳಿ ‘ಫ್ಯಾಬ್ರಿಕ್’ ಎಂಬ ಪ್ರಸಿದ್ಧ ಕ್ಲಬ್ಬೊಂದಿದೆ. ಹಳೆಯ ಶೀತಲ ಉಗ್ರಾಣವೊಂದರಲ್ಲಿ 1999ರಲ್ಲಿ ಆರಂಭವಾದ ಸ್ಥಳ. 2016ರ ಬೇಸಗೆಯಲ್ಲಿ ಅಲ್ಲಿಗೆ ಹೋಗಿದ್ದ ಇಬ್ಬರು ತರುಣರು ಮಾದಕ ವಸ್ತುವಿನಿಂದ ಸತ್ತರು. ಇಬ್ಬರಿಗೂ 18 ವರ್ಷ. ನನ್ನ ಮುಂದಿನ ಬೆಂಚುಗಳಲ್ಲಿ ಕುಳಿತು ಪಂಪನನ್ನೂ ಕುಮಾರವ್ಯಾಸನನ್ನೂ ಓದುವವರ ವಯಸ್ಸು ಅದೇ. ಆ ತಾಯಿತಂದೆಯರ ದುಃಖದ ಮುಂದೆ ಕಲೆಯ ಮಾತು ಹಗುರವಾಗಿ ತೋರುವುದು ಸಹಜ. ಸೆಪ್ಟೆಂಬರಿನಲ್ಲಿ ಇಸ್ಲಿಂಗ್ಟನ್ ಕೌನ್ಸಿಲು ಕ್ಲಬ್ಬಿನ ಪರವಾನಗಿಯನ್ನು ರದ್ದುಮಾಡಿದಾಗ ಬಹು ಮಂದಿ ಸರಿಯೆಂದೇ ಭಾವಿಸಿರಬೇಕು.

ಆದರೆ ಆ ಇಬ್ಬರಿಗಾಗಿ ಮರುಗುವ ನಾವು ಮೂರನೆಯವನನ್ನು ಉಳಿಸುವ ಬಗೆಯನ್ನೂ ಯೋಚಿಸಬೇಕಲ್ಲವೆ? ಎಕ್ಸ್‌ಟಸಿಯೆಂಬ ಗುಳಿಗೆ ಮೈಯ ಕಾವನ್ನು ಏರಿಸುತ್ತದೆ. ಕಿಕ್ಕಿರಿದ ಕೋಣೆಯಲ್ಲಿ ಬಿಡುವಿಲ್ಲದೆ ಕುಣಿಯುವವನಿಗೆ ತನ್ನ ಬಳಲಿಕೆಯ ಅರಿವೇ ಇರುವುದಿಲ್ಲ. ಅವನಿಗೆ ಆಗ ಬೇಕಾದುದು ನೀರು, ತಂಪಾದ ಒಂದು ಕೋಣೆ, ಕೂರಲು ಸ್ಥಳ. ಅಳತೆ ಮೀರಿದರೆ ನೀರೂ ಅಪಾಯಕರವೇ. ಆದುದರಿಂದ ವಿಷಯ ಬಲ್ಲವರೊಬ್ಬರು ಹತ್ತಿರವಿರಬೇಕು, ಸಮಯಕ್ಕೆ ಆಂಬುಲೆನ್ಸನ್ನು ಕರೆಯುವ ಧೈರ್ಯ ಅವರಿಗಿರಬೇಕು.

ಕಾನೂನು ಈ ಧೈರ್ಯವನ್ನು ಹೇಗೆ ಕಸಿದುಕೊಳ್ಳುತ್ತದೆಂಬುದಕ್ಕೆ ಅಮೆರಿಕದ ಉದಾಹರಣೆಯಿದೆ. ಕ್ರ್ಯಾಕ್ ಕೊಕೇನ್ ಮಾರುವ ಮನೆಗಳನ್ನು ಹತ್ತಿಕ್ಕಲು 1986ರಲ್ಲಿ ಅಲ್ಲೊಂದು ಕಾನೂನು ಬಂದಿತು. ಅಂಥ ಮನೆ ನಡೆಸಿದವನಿಗೆ 20 ವರ್ಷಗಳವರೆಗೆ ಸೆರೆಮನೆ. 2001ರಲ್ಲಿ ಅದೇ ಕಾನೂನನ್ನು ನ್ಯೂ ಆರ್ಲಿಯನ್ಸಿನ ಸ್ಟೇಟ್ ಪ್ಯಾಲೇಸ್ ಥಿಯೇಟರಿನಲ್ಲಿ ಸಂಗೀತದ ರಾತ್ರಿಗಳನ್ನು ಏರ್ಪಡಿಸುತ್ತಿದ್ದವರ ಮೇಲೆ ಪ್ರಯೋಗಿಸಿದರು. ಮೊಕದ್ದಮೆಯನ್ನು ಎದುರಿಸುವ ಬದಲು ಅವರ ಕಂಪನಿ ತಪ್ಪೊಪ್ಪಿಕೊಂಡು 1,00,000 ಡಾಲರ್ ದಂಡ ತೆತ್ತಿತು. ಆ ಒಪ್ಪಂದದ ಷರತ್ತುಗಳು ವಿಚಿತ್ರವಾಗಿವೆ. ಹೊಳೆಯುವ ಕಡ್ಡಿಗಳು ಕೂಡದು, ಮುಖವಾಡ ಕೂಡದು. ಅಷ್ಟೇ ಅಲ್ಲ, ಬಳಲಿದವರು ಕೂರುವ ತಂಪು ಕೋಣೆಯೂ ಕೂಡದು! ಕಡ್ಡಿ, ಮುಖವಾಡಗಳ ನಿಷೇಧ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಮರುವರ್ಷ ನ್ಯಾಯಾಲಯ ಅದನ್ನು ತಡೆಯಿತು. ಅದೇ 2002ರಲ್ಲಿ ಅಮೆರಿಕದ ಸೆನೆಟ್ಟಿನ ಮುಂದೆ ಬಂದ ಹೊಸ ಮಸೂದೆಯಂತೂ ದುಬಾರಿ ನೀರಿನ ಬಾಟಲಿಗಳ ಮಾರಾಟವನ್ನು ಏರ್ಪಾಡುದಾರರ ದೋಷಗಳ ಪಟ್ಟಿಯಲ್ಲಿಯೇ ಸೇರಿಸಿತ್ತು. ಮಾತನ್ನು ಕೊಂಚ ಬದಲಿಸಿಕೊಂಡು 2003ರಲ್ಲಿ ಅದು ಕಾನೂನಾಯಿತು. 2,50,000 ಡಾಲರುಗಳ ದಂಡವನ್ನೂ ಹೊತ್ತು ತಂದಿತು.

ಜಾತ್ರೆಯ ದಾರಿಯಲ್ಲಿ ಅರವಟ್ಟಿಗೆ ಇರಿಸಿದವನನ್ನು ನಮ್ಮ ಜನ ಪುಣ್ಯವಂತನೆನ್ನುತ್ತಾರೆ. ಜಾತ್ರೆಗೆ ಬಂದವರಲ್ಲಿ ಕುಡುಕನಿಲ್ಲವೆ, ಜೂಜುಗಾರನಿಲ್ಲವೆ ಎಂದು ಯಾರೂ ಕೇಳುವುದಿಲ್ಲ. ಬಾಯಾರಿದವನಿದ್ದಾನೆ, ಅಷ್ಟೇ ಸಾಕು. ದುಡ್ಡಿಗೆ ನೀರು ಮಾರುವವನು ಪುಣ್ಯವಂತನಲ್ಲವೆಂಬುದು ನಿಜ. ಅದಕ್ಕೆ ಪರಿಹಾರ ನೀರನ್ನು ಪುಕ್ಕಟೆ ಕೊಡಿಸುವುದು. ಇಂಗ್ಲೆಂಡಿನಲ್ಲಿ ಹಾಗೆಯೇ ಮಾಡಿದರು: ಮದ್ಯದ ಪರವಾನಗಿ ಪಡೆದ ಸ್ಥಳಗಳು ಕೇಳಿದವರಿಗೆ ಕುಡಿಯುವ ನೀರನ್ನು ಹಣ ಪಡೆಯದೆ ಕೊಡಬೇಕೆಂಬ ನಿಯಮ 2010ರಲ್ಲಿ ಜಾರಿಗೆ ಬಂದಿತು. ಒಂದೇ ಲೋಟ ನೀರು ಒಂದು ದೇಶದಲ್ಲಿ ಕರ್ತವ್ಯ, ಇನ್ನೊಂದರಲ್ಲಿ ಸಂಶಯಕ್ಕೆ ಕಾರಣ!

ಇಂಥ ಸಂಶಯದ ಫಲವೇನು? ಹುಡುಗನೊಬ್ಬ ಕುಸಿದು ಬಿದ್ದಾಗ ಮಾಲೀಕನು ಲೆಕ್ಕ ಹಾಕತೊಡಗುತ್ತಾನೆ: ಆಂಬುಲೆನ್ಸನ್ನು ಕರೆದರೆ ದಾಖಲೆಯಾಗುತ್ತದೆ, ದಾಖಲೆಯಾದರೆ ಪರವಾನಗಿ ಹೋಗುತ್ತದೆ. ಆ ಲೆಕ್ಕದಲ್ಲಿ ಕಳೆಯುವ ಗಳಿಗೆಗಳು ಜೀವದ ಗಳಿಗೆಗಳು. ಕ್ಲಬ್ಬನ್ನು ಮುಚ್ಚಿದರೂ ಕುಣಿತ ನಿಲ್ಲುವುದಿಲ್ಲ. ಪರವಾನಗಿಯಿಲ್ಲದ ಗೋದಾಮಿಗೋ ಊರಾಚೆಯ ಬಯಲಿಗೋ ಅದು ಹೋಗುತ್ತದೆ. ಅಲ್ಲಿ ಬಾಗಿಲಲ್ಲಿ ತಪಾಸಣೆಯಿಲ್ಲ, ಒಳಗೆ ವೈದ್ಯನಿಲ್ಲ. ಇಲಿಗೆ ಹೆದರಿ ಮನೆಗೆ ಬೆಂಕಿಯಿಟ್ಟರೆ ಇಲಿ ಪಕ್ಕದ ಮನೆಗೆ ಹೋಗುತ್ತದೆ.

ಮಾರಾಟಗಾರನೊಡನೆ ಪಾಲು ಹಂಚಿಕೊಳ್ಳುವ ಮಾಲೀಕನನ್ನು ಶಿಕ್ಷಿಸಬಾರದೆಂದು ನಾನು ಹೇಳುತ್ತಿಲ್ಲ. ನಮ್ಮ ದೇಶದ 1985ರ ಮಾದಕ ವಸ್ತುಗಳ ಕಾನೂನಿನ 25ನೆಯ ಕಲಮೂ ಸ್ಥಳದ ಒಡೆಯನನ್ನು ದಂಡಿಸುತ್ತದೆ. ಆದರೆ ‘ತಿಳಿದೂ’ ಅವಕಾಶ ಕೊಟ್ಟಿದ್ದರೆ ಮಾತ್ರ. ಭಾಷೆಯನ್ನು ಕಲಿಸುವವನಾದ ನನಗೆ ಈ ಪದದ ಮೇಲೆ ಗೌರವವೂ ಉಂಟು, ಭಯವೂ ಉಂಟು. ಅಮೆರಿಕದ ಕಾನೂನಿನಲ್ಲಿಯೂ ಇದೇ ಅರ್ಥದ ಪದವಿದೆ. ತಿಳಿಯುವುದರಲ್ಲಿ ಎರಡು ಬಗೆ. ತಿಳಿದು ಕಣ್ಣುಮುಚ್ಚಿಕೊಳ್ಳುವುದು ಒಂದು. ತಿಳಿದು ನೀರಿರಿಸುವುದು, ವೈದ್ಯನನ್ನು ಕರೆಸುವುದು ಇನ್ನೊಂದು. ಎರಡನೆಯ ತಿಳಿವನ್ನು ಮೊದಲನೆಯದರ ಸಾಕ್ಷ್ಯವೆಂದು ಭಾವಿಸಿದ ದಿನ, ಏನನ್ನೂ ತಿಳಿಯದೆ ಇರುವುದೇ ಎಲ್ಲರಿಗೂ ಕ್ಷೇಮವಾಗುತ್ತದೆ.

ಫ್ಯಾಬ್ರಿಕ್ಕಿನ ಕಥೆ ಮುಚ್ಚುಗಡೆಯಲ್ಲಿ ಮುಗಿಯಲಿಲ್ಲ. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಅದರ ಪರವಾಗಿ ಸಹಿ ಹಾಕಿದರು. ನವೆಂಬರಿನಲ್ಲಿ ಕೌನ್ಸಿಲು, ಕ್ಲಬ್ಬು ಎರಡೂ ರಾಜಿಗೆ ಬಂದವು. ವಾರಾಂತ್ಯದ ರಾತ್ರಿಗಳಲ್ಲಿ 19 ತುಂಬದವರಿಗೆ ಪ್ರವೇಶವಿಲ್ಲ, ಗುರುತುಚೀಟಿಯ ಪರೀಕ್ಷೆಯಾಗಬೇಕು, ಕ್ಯಾಮರಾಗಳು ಹೆಚ್ಚಬೇಕು ಎಂಬಂಥ ಹಲವು ಷರತ್ತುಗಳೊಡನೆ 2017ರ ಜನವರಿಯಲ್ಲಿ ಅದು ಮತ್ತೆ ತೆರೆಯಿತು. ಷರತ್ತುಗಳು ಕಠಿಣವೇ ಇರಲಿ; ಅವು ಕ್ಲಬ್ಬನ್ನು ಉಳಿಸಿಕೊಂಡು ಒಳಗಿರುವವರನ್ನು ಕಾಯುವ ಷರತ್ತುಗಳು. ಜರ್ಮನಿಯವರು ಇನ್ನೂ ಮುಂದೆ ಹೋಗಿ, ಬರ್ಲಿನ್ನಿನ ಟೆಕ್ನೊ ಸಂಸ್ಕೃತಿಯನ್ನು 2024ರಲ್ಲಿ ತಮ್ಮ ದೇಶದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡರು. ಡೆಟ್ರಾಯಿಟಿನ ಕಪ್ಪು ತರುಣರು 1980ರ ದಶಕದಲ್ಲಿ ಯಂತ್ರಗಳಿಂದ ಹೊರಡಿಸಿದ ನಾದಕ್ಕೆ ದೂರದ ನಾಡೊಂದರಲ್ಲಿ ಸಂದ ಮರ್ಯಾದೆಯದು.

ಆ ನಾದವನ್ನು ನಾನು ಮೆಚ್ಚುವ ಕಾಲ ಬರಲಾರದು. ಆದರೆ ನನ್ನ ವಿದ್ಯಾರ್ಥಿಯೊಬ್ಬ ಒಂದು ರಾತ್ರಿ ಅಲ್ಲಿಗೆ ಹೋದನೆಂದರೆ, ನನ್ನಲ್ಲಿಯೂ ತನ್ನ ಮನೆಯವರಲ್ಲಿಯೂ ಹೇಳದ ತಪ್ಪೊಂದನ್ನು ಮಾಡಿದನೆಂದರೆ, ಅವನ ಪಕ್ಕದಲ್ಲಿ ನೀರಿನ ಲೋಟ ಹಿಡಿದು ನಿಂತ ಒಬ್ಬರಿರಬೇಕು. ಲೋಟ ಹಿಡಿದ ಆ ಕೈ ಕಾನೂನಿಗೆ ಹೆದರಿ ಹಿಂಜರಿಯಬಾರದು.